ಮಡಿಯ ಹೊತ್ತು

ಸಾಕ್ಸು ಬಿಚ್ಚಿದರೆ ಎಲ್ಲ ಗೊತ್ತಾಗಿಬಿಡುತ್ತದೆ. ಬಿಚ್ಚದೆ ಇರುವುದಕ್ಕೆ ಏನು ನೆಪ ಹೇಳಬಹುದು? ಹುಣ್ಣಾಗಿದೆ ಎಂದರೆ ತೋರಿಸಿ ಎನ್ನುತ್ತಾಳೆ, ಡಾಕ್ಟರಾದವಳು ಇನ್ನೇನು ಅಂದಾಳು. ನಾಚಿಕೆ ಎಂದರೆ ನಗುತ್ತಾಳೆ. ನಲವತ್ತೇಳು ವರ್ಷದ ಗಂಡಸು ತನ್ನ ಪಾದ ತೋರಿಸಲು ನಾಚುವುದೆಂದರೇನು ಎಂದು ಗುರುಚರಣ ತನ್ನನ್ನೇ ಕೇಳಿಕೊಂಡ, ಕೇಳಿಕೊಳ್ಳುತ್ತಲೇ ಬೂಟಿನ ದಾರಕ್ಕೆ ಬಗ್ಗಿದ, ಹೊಟ್ಟೆ ಅಡ್ಡ ಬಂದು ಅರ್ಧಕ್ಕೇ ನಿಂತ. ಎದುರಿಗೆ ಕೂತಿದ್ದ ಡಾಕ್ಟರಿಗೆ ಮೂವತ್ತರ ಆಸುಪಾಸು. ಕೋಟಿನ ಮೇಲೆ ತೃಪ್ತಿ ಎಂಬ ಹೆಸರಿನ ಬಿಲ್ಲೆ. ಅವನ ರಕ್ತದ ವರದಿಯಿಂದ ತಲೆ ಎತ್ತದೆಯೇ ಅವಳು, “ಎರಡು ಕಾಲೂ ಸಾರ್, ಶುಗರ್ ಇರೋವರ ಪಾದ ನಾನು ನೋಡಲೇಬೇಕು,” ಎಂದು ತಮಿಳಿನಲ್ಲಿ ಹೇಳಿದಳು. ಮದರಾಸಿನ ಪೆರುಂಗುಡಿಯ ಆ ಆಫೀಸಿನ ಮೂರನೆಯ ಮಹಡಿಯ ಮೀಟಿಂಗ್ ರೂಮನ್ನು ಆ ಒಂದು ದಿನದ ಮಟ್ಟಿಗೆ ಆರೋಗ್ಯ ತಪಾಸಣೆಯ ಕೋಣೆ ಮಾಡಿದ್ದರು. ಗೋಡೆಯ ಬಿಳಿ ಬೋರ್ಡಿನ ಮೇಲೆ ಹೋದ ವಾರದ ಹೆಜ್ಜೆಗಳ ಪಟ್ಟಿ ಇನ್ನೂ ಅಳಿಸದೆ ಉಳಿದಿತ್ತು. ಅದರಲ್ಲಿ ಅವನ ಹೆಸರು ಎರಡನೆಯದು. ದಿನಕ್ಕೆ ಸರಾಸರಿ ಹನ್ನೆರಡು ಸಾವಿರದ ನಾನೂರು ಹೆಜ್ಜೆ.

ಅವು ಅವನ ಹೆಜ್ಜೆಗಳಾಗಿರಲಿಲ್ಲ. ಹೆಜ್ಜೆ ಎಣಿಸುವ ಕಪ್ಪು ರಬ್ಬರಿನ ಬ್ಯಾಂಡು ಈ ಹೊತ್ತಿನಲ್ಲಿ ವೆಸ್ಟ್ ಮಾಂಬಲಂನ ಮನೆಯಲ್ಲಿ, ಅವನ ಹೆಂಡತಿ ರಂಜನಿಯ ಎಡಗೈಯಲ್ಲಿ, ಎರಡು ಗಾಜಿನ ಬಳೆಗಳ ನಡುವೆ ಇತ್ತು. ಕೈಯಲ್ಲಿ ಬ್ಯಾಂಡ್ ಯಾಕಿಲ್ಲ ಎಂದು ಪಕ್ಕದ ಸೀಟಿನ ಸುಕೇಶ ಕೇಳಿದ್ದಾಗ, ಕಣಕಾಲಿಗೆ ಕಟ್ಟಿಕೊಂಡರೆ ಲೆಕ್ಕ ಸರಿಯಾಗಿ ಬರುತ್ತದೆ, ಸಾಕ್ಸಿನ ಒಳಗಿದೆ ಎಂದು ಹೇಳಿದ್ದ. ಅಷ್ಟು ಸಲೀಸಾಗಿ ಸುಳ್ಳು ಬಾಯಿಗೆ ಬಂದದ್ದು ಅವನಿಗೇ ಆಶ್ಚರ್ಯವಾಗಿತ್ತು. ಸುಕೇಶ ಅದನ್ನು ನಂಬಿದ್ದಷ್ಟೇ ಅಲ್ಲ, ತಾನೂ ಎರಡು ದಿನ ಕಾಲಿಗೆ ಕಟ್ಟಿಕೊಂಡು ನೋಡಿದ್ದ.

ಮೂರು ತಿಂಗಳ ಹಿಂದೆ ಕಂಪನಿಯವರು ಎಲ್ಲರಿಗೂ ಒಂದೊಂದು ಬ್ಯಾಂಡ್ ಹಂಚಿದಾಗ ಅವನು ಅದನ್ನು ಪ್ರಾಮಾಣಿಕವಾಗಿಯೇ ಕಟ್ಟಿಕೊಂಡಿದ್ದ. ಮೊದಲ ಸೋಮವಾರ ದಿನೇಶ್, ಅವನಿಗಿಂತ ಹತ್ತು ವರ್ಷ ಚಿಕ್ಕವನಾದ ಮೇಲಧಿಕಾರಿ, ಎಲ್ಲರ ಹೆಜ್ಜೆಗಳನ್ನೂ ಗಟ್ಟಿಯಾಗಿ ಓದಿದ. ಗುರುಚರಣನದು ದಿನಕ್ಕೆ ಎರಡು ಸಾವಿರದ ನೂರು, ನಲವತ್ತು ಜನರಲ್ಲಿ ಕೊನೆಯದು. “ಸಾರ್, ನಿಮ್ಮ ಕುರ್ಚಿಗೂ ಒಂದು ಬ್ಯಾಂಡ್ ಕಟ್ಟೋಣ, ಚಕ್ರ ಇದೆಯಲ್ಲ, ಅದು ನಿಮಗಿಂತ ಜಾಸ್ತಿ ಓಡಾಡತ್ತೆ,” ಎಂದು ಸುಕೇಶ ಅಂದಾಗ ಎಲ್ಲರ ಜೊತೆ ಅವನೂ ನಕ್ಕ. ನಗುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಮನೆಗೆ ಬಂದು, ಹುರುಳಿಕಾಯಿ ಹೆಚ್ಚುತ್ತಿದ್ದ ರಂಜನಿಗೆ ಅದನ್ನು ಹೇಳಿದ. ಅವಳಿಗೆ ಹೇಳುವಾಗ ಅದು ತಮಾಷೆಯ ಸಂಗತಿಯಾಗಿಯೇ ಕೇಳಬೇಕೆಂದು ಧ್ವನಿಯನ್ನು ಹಗುರ ಮಾಡಿಕೊಂಡಿದ್ದ. ಅವಳು ಅವನ ಮುಖವನ್ನು ಒಂದು ಕ್ಷಣ ನೋಡಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಾಚಿದಳು. “ಇಲ್ಲಿ ಕೊಡಿ, ನಾನು ಕಟ್ಕೋತೀನಿ. ನಾನು ಓಡಾಡೋದು ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ.” ಅವಳು ನಂಜನಗೂಡಿನ ಕಡೆಯವಳು, ಮದುವೆಯಾಗಿ ಮದರಾಸಿಗೆ ಬಂದು ಹದಿನೆಂಟು ವರ್ಷವಾದರೂ ಮಾತು ಅಲ್ಲಿಯದೇ. ಮರುದಿನ ಸಂಜೆ ಅವನ ಫೋನು ಹನ್ನೊಂದು ಸಾವಿರದ ಒಂಬೈನೂರು ಎಂದು ತೋರಿಸಿ, ಪರದೆಯ ತುಂಬ ಬಣ್ಣದ ಕಾಗದದ ಚೂರುಗಳನ್ನು ಎರಚಿತು. ಇದರಲ್ಲಿ ಏನೋ ತಪ್ಪಿರಬೇಕು ಎಂದು ಅವನಿಗನ್ನಿಸಿತ್ತು. ಮನೆಯೇ ಎಂಟುನೂರು ಚದರಡಿ. ಅದರೊಳಗೆ ಒಬ್ಬ ಹೆಂಗಸು ಅಷ್ಟು ದೂರ ಎಲ್ಲಿಗೆ ಹೋಗುತ್ತಾಳೆ?

ಬಲಗಾಲಿನ ಸಾಕ್ಸು ಬಿಚ್ಚಿದ. ಪಾದ ಬೆಳ್ಳಗೆ, ಮೆತ್ತಗೆ, ಎಳೆಯ ಮಗುವಿನದರಂತೆ ಇತ್ತು. ಹಿಮ್ಮಡಿಯಲ್ಲಿ ಒಂದು ಗೆರೆಯೂ ಇಲ್ಲ. ಅದನ್ನು ನೋಡಿ ಅವನಿಗೆ ತನ್ನ ಅಪ್ಪ ಶ್ರೀನಿವಾಸರಾಯರ ಪಾದದ ನೆನಪಾಯಿತು, ಅವರು ತೀರಿಕೊಂಡ ದಿನ ಹೊದಿಕೆಯ ಹೊರಗೆ ಕಾಣುತ್ತಿದ್ದ ಪಾದ, ಅದೂ ಹೀಗೇ ಇತ್ತು. ಅಪ್ಪ ಮೂವತ್ತಾರು ವರ್ಷ ಬಂದರಿನ ಕಚೇರಿಯಲ್ಲಿ ಕೂತವರು, ತಾತ ಹೈಕೋರ್ಟಿನಲ್ಲಿ ಕೂತವರು. ಚಿಕ್ಕವನಿದ್ದಾಗ ಮನೆಗೆ ಬಂದವರಿಗೆಲ್ಲ ಅಪ್ಪ ಹೇಳುತ್ತಿದ್ದುದು ಒಂದೇ: ನಮ್ಮ ಗುರು ಕೂತ ಜಾಗದಿಂದ ಏಳುವುದಿಲ್ಲ. ಬೀದಿಯಲ್ಲಿ ಮಕ್ಕಳು ಕ್ರಿಕೆಟ್ ಆಡುವ ಸದ್ದು ಕೇಳುತ್ತಿದ್ದರೂ ಅವನು ಕಿಟಕಿಗೆ ಬೆನ್ನು ಹಾಕಿ ಕೂತಿರುತ್ತಿದ್ದ, ಓದಿಗಿಂತ ಹೆಚ್ಚಾಗಿ ಆ ಮಾತಿನ ಆಸೆಗೆ. ಕೂತು ಓದಿದ, ಕೂತು ಪಾಸಾದ, ಕೂತು ಸಂಬಳ ತಂದ. ಕೂರುವುದೇ ಒಂದು ದೋಷವೆಂದು ಯಾರೋ ಬಂದು ಹೇಳುವ ಕಾಲ ಬರುತ್ತದೆಂದು ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ.

ಡಾಕ್ಟರು ಪಾದವನ್ನು ಎರಡು ಬೆರಳಿನಿಂದ ಒತ್ತಿ, ತಿರುಗಿಸಿ, ಹಿಮ್ಮಡಿಯನ್ನು ಸವರಿ ನೋಡಿದಳು. ಆಮೇಲೆ ಎಡಗಾಲು. “ಬ್ಯಾಂಡ್ ಕಾಲಿಗೆ ಕಟ್ಕೋತೀನಿ ಅಂತ ಫಾರಮ್ಮಿನಲ್ಲಿ ಬರೆದಿದೀರಿ. ಎಲ್ಲಿ?”

“ಮನೇಲಿದೆ,” ಎಂದ.

“ಮರೆತುಬಿಟ್ರಾ?”

ಹೌದು ಎಂದರೆ ಮುಗಿಯುತ್ತಿತ್ತು. ಅವಳೇ ಆ ಮಾತನ್ನು ಹುಡುಕಿ ಅವನ ಕೈಗೆ ಕೊಟ್ಟಿದ್ದಳು. ಆದರೆ ಅವಳ ಕೈ ಇನ್ನೂ ಅವನ ಪಾದದ ಮೇಲೆ ಇತ್ತು, ಯಾರಾದರೂ ಅವನ ಪಾದ ಮುಟ್ಟಿ ಎಷ್ಟು ವರ್ಷವಾಗಿತ್ತೋ, ಹಾಗೆ ಮುಟ್ಟಿರುವಾಗ ಸುಳ್ಳು ಹೇಳುವುದು ಅವನಿಂದ ಆಗಲಿಲ್ಲ. “ಅದು ನನ್ನ ಹೆಂಡತಿ ಕೈಯಲ್ಲಿದೆ ಡಾಕ್ಟರ್. ಮೂರು ತಿಂಗಳಿಂದ,” ಎಂದ. ಕಿವಿ ಬಿಸಿಯಾಯಿತು. ಹೊರಗೆ ಬಾಗಿಲ ಬಳಿ ಸುಕೇಶ ತನ್ನ ಸರದಿಗೆ ಕಾಯುತ್ತಿದ್ದ; ಅವನಿಗೆ ಕೇಳಿಸಿತೋ ಏನೋ.

ಡಾಕ್ಟರು ನಗಲಿಲ್ಲ. ನಗು ತಡೆದುಕೊಂಡದ್ದು ಮಾತ್ರ ಕಂಡಿತು. “ಪರವಾಯಿಲ್ಲೈ ಸಾರ್. ಇವತ್ತು ನೀವು ಮೂರನೆಯವರು. ಬೆಳಿಗ್ಗೆ ಬಂದವರೊಬ್ಬರು ನಾಯಿಗೆ ಕಟ್ಟಿದ್ರಂತೆ,” ಎಂದಳು. ಆಮೇಲೆ ಕಂಪ್ಯೂಟರಿನ ಪರದೆಯ ಕಡೆ ತಿರುಗಿ, ಅವನ ಹೆಸರಿನಲ್ಲಿದ್ದ ಮೂರು ತಿಂಗಳ ಲೆಕ್ಕವನ್ನು ಮತ್ತೆ ಮೊದಲಿನಿಂದ ನೋಡತೊಡಗಿದಳು. ಈ ಸಲ ಅವಳ ಮುಖ ಬೇರೆಯಾಯಿತು. “ಹಾಗಾದ್ರೆ ಇದು ಅವರದು. ಹಗಲು ಹೊತ್ತು ಹತ್ತು ನಿಮಿಷಕ್ಕಿಂತ ಜಾಸ್ತಿ ಒಂದು ಕಡೆ ಕೂತೇ ಇಲ್ಲ ಇವರು. ಮಧ್ಯಾಹ್ನ ಬರೀ ಕಾಲು ಗಂಟೆ, ಅಷ್ಟೆ. ನಿದ್ದೆ…” ಎಂದು ನಿಲ್ಲಿಸಿದಳು.

“ನಿದ್ದೆ ಚೆನ್ನಾಗಿದೆ, ಏಳು ಗಂಟೆಗೂ ಮೇಲೆ ಬರತ್ತೆ,” ಎಂದ ಗುರುಚರಣ. ಹೇಳುವಾಗ ಅವನಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು.

“ಒಟ್ಟು ಮೊತ್ತ ಹಾಗೆ ತೋರಿಸತ್ತೆ ಸಾರ್. ಗಂಟೆ ಗಂಟೆ ನೋಡಿ. ರಾತ್ರಿ ಹನ್ನೊಂದೂ ಕಾಲಿಂದ ನಾಲ್ಕೂವರೆ, ಅದರಲ್ಲೂ ಮೂರು ಸಲ ಎಚ್ಚರ. ಆಮೇಲೆ ಐದರಿಂದ ಏಳೂವರೆವರೆಗೆ ಕಲ್ಲಿನ ಹಾಗೆ. ಒಂದು ಮಗ್ಗಲು ಬದಲಾಯಿಸಿಲ್ಲ, ಬೆರಳು ಆಡಿಸಿಲ್ಲ. ದಿನಾ. ಮೂರು ತಿಂಗಳು. ಜೀವ ಇರೋರು ಯಾರೂ ಹೀಗೆ ಮಲಗಲ್ಲ. ಇವು ಅಗ್ಗದ ಬ್ಯಾಂಡುಗಳು, ಕೈಯಲ್ಲಿದೆಯೋ ಮೇಜಿನ ಮೇಲಿದೆಯೋ ಅಂತ ಇವಕ್ಕೆ ಗೊತ್ತಾಗಲ್ಲ, ಅಲ್ಲಾಡದೆ ಇದ್ರೆ ನಿದ್ದೆ ಅಂತ ಬರ್ಕೊಂಡುಬಿಡತ್ತೆ. ಆ ಹೊತ್ತಲ್ಲಿ ಅವರು ಬ್ಯಾಂಡ್ ತೆಗೆದಿಡ್ತಾರಾ?”

ಕಂಡಿದ್ದ. ದಿನವೂ ಕಂಡಿದ್ದ. ಏಳೂವರೆಗೆ ಎದ್ದು ಕಾಫಿಗೆ ಹೋಗುವಾಗ ಅಡಿಗೆಮನೆಯ ಹೊರಗಿನ ಕಿಟಕಿಯ ಕಟ್ಟೆಯ ಮೇಲೆ ಆ ಬ್ಯಾಂಡು, ಪಕ್ಕದಲ್ಲಿ ಅವಳ ತಲೆಪಿನ್ನು. ಐದಕ್ಕೆ ತಣ್ಣೀರಿನಲ್ಲಿ ಮಿಂದು, ಮೇಲಿನ ಗಳುವಿನಿಂದ ಹಿಂದಿನ ದಿನ ಒಣಹಾಕಿದ ಸೀರೆಯನ್ನು ಕೋಲಿನಿಂದ ಎಳೆದು ಉಟ್ಟು, ಅಮ್ಮನಿಗೆ ಮಡಿಯಲ್ಲಿ ಅಡಿಗೆ ಮಾಡಿ ನೈವೇದ್ಯ ಮುಗಿಸುವವರೆಗೆ ರಂಜನಿ ಯಾರನ್ನೂ ಏನನ್ನೂ ಮುಟ್ಟುವ ಹಾಗಿಲ್ಲ. ಬಚ್ಚಲಿಗೂ ಬಸ್ಸಿಗೂ ಹೋಗಿಬಂದ ರಬ್ಬರಿನ ಬ್ಯಾಂಡು ಮಡಿಗೆ ಬರುತ್ತದೆಯೇ? ಅವಳು ಮಿಂದು, ನೀರು ಹಿಡಿದು, ತುರಿದು, ರುಬ್ಬಿ, ಬೇಯಿಸಿ, ಆ ಕಲ್ಲಿನ ಕಟ್ಟೆಯಿಂದ ದೇವರ ಗೂಡಿಗೆ, ಗೂಡಿನಿಂದ ಒಲೆಗೆ ಓಡಾಡುತ್ತಿದ್ದ ಆ ಎರಡೂವರೆ ಗಂಟೆಗಳನ್ನು ಅದು ಅವಳ ಗಾಢ ನಿದ್ದೆ ಎಂದು ಬರೆದುಕೊಂಡಿತ್ತು. ಹನ್ನೆರಡು ಸಾವಿರದ ನಾನೂರರಲ್ಲಿ ಆ ಹೆಜ್ಜೆಗಳು ಸೇರಿಯೇ ಇರಲಿಲ್ಲ.

“ಮಡಿ,” ಎಂದ. ಆ ಹುಡುಗಿಗೆ ಹೇಗೆ ವಿವರಿಸುವುದೋ ಎಂದುಕೊಳ್ಳುವಷ್ಟರಲ್ಲಿ ಅವಳೇ, “ಓ, ಮಡಿಯಾ? ನಮ್ಮ ಪಾಟಿ, ನಮ್ಮಜ್ಜಿ, ಹತ್ತಿರ ಹೋದ್ರೆ ಕೋಲು ಎತ್ತೋರು,” ಎಂದಳು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಮುಚ್ಚಿ, “ತಲೆಸುತ್ತು, ಸುಸ್ತು ಏನಾದ್ರೂ ಹೇಳ್ತಾರಾ?” ಎಂದು ಕೇಳಿದಳು.

ಎರಡು ವಾರದ ಹಿಂದೆ, ಒಂದು ಭಾನುವಾರ, ರಂಜನಿ ಫ್ರಿಜ್ಜಿನ ಬಾಗಿಲು ತೆರೆದವಳು ಮುಚ್ಚದೆ ಅದನ್ನೇ ಹಿಡಿದು ನಿಂತಿದ್ದಳು. ತಣ್ಣನೆಯ ಹವೆ ಹೊರಗೆ ಹೋಗುತ್ತದೆ ಎಂದು ಅವನು ಹೇಳಿದಾಗ, “ಯಾಕೋ ತಲೆ ಸುತ್ತಿದ ಹಾಗಾಗತ್ತೆ ರೀ, ನಿದ್ದೆ ಸಾಲ್ತಿಲ್ವೇನೋ,” ಎಂದಿದ್ದಳು. ಅವನು ಜೇಬಿನಿಂದ ಫೋನು ತೆಗೆದ. ಹಸಿರು ಬಣ್ಣದ ವೃತ್ತ, ಒಳಗೆ ನಗುವ ಚಂದ್ರ. “ಏಳು ಗಂಟೆ ಹತ್ತು ನಿಮಿಷ ಮಲಗಿದೀಯ, ನೋಡು. ನನಗಿಂತ ಜಾಸ್ತಿ.” ಅವಳು ಪರದೆಯನ್ನು ನೋಡಿ, “ಹೌದಾ,” ಎಂದಳು, ಆಮೇಲೆ, “ಹಾಗಾದ್ರೆ ಸರಿ,” ಎಂದು ಬಾಗಿಲು ಮುಚ್ಚಿದಳು. ಸಾಕ್ಷಿ ಸಮೇತ ವಾದ ಗೆದ್ದವನ ಹಾಗೆ ಅವನು ಫೋನನ್ನು ಮತ್ತೆ ಜೇಬಿಗಿಳಿಸಿದ್ದ.

“ಒಂದು ಸಲ ಹೇಳಿದ್ಲು,” ಎಂದ ಡಾಕ್ಟರಿಗೆ.

“ಅವರನ್ನ ಕರ್ಕೊಂಡು ಹೋಗಿ ರಕ್ತ, ಬೀಪಿ ಎಲ್ಲ ನೋಡಿಸಿ ಸಾರ್. ಈ ವಾರವೇ. ನಿಮ್ಮದು ನಿಧಾನವಾಗಿ ನೋಡೋಣ. ನೀವು ನಡೀರಿ, ಸಾಕು.” ಒಂದು ಚೀಟಿ ಬರೆದು ಕೊಟ್ಟಳು. ಚೀಟಿಯ ಮೇಲೆ ಹೆಸರು ಹಾಕಲು ಪೆನ್ನು ಹಿಡಿದು ಕೇಳಿದಾಗ ಅವನು ‘ರಂಜನಿ’ ಎಂದ. ವಯಸ್ಸು ಕೇಳಿದಳು. ನಲವತ್ತೆರಡೋ ಮೂರೋ ಎಂದು ಬೆರಳು ಮಡಿಚಿ ಎಣಿಸಬೇಕಾಯಿತು.

ತನ್ನ ಜಾಗಕ್ಕೆ ಹೋದ ಮೇಲೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕುರ್ಚಿ ಅವನ ಬೆನ್ನಿನ ಆಕಾರಕ್ಕೆ ತಗ್ಗಾಗಿತ್ತು, ಯಾರೋ ತನ್ನ ಅಚ್ಚು ತೆಗೆದಿಟ್ಟ ಹಾಗೆ. ದಿನೇಶನ ಬಳಿ ಹೋಗಿ ಅರ್ಧ ದಿನ ರಜೆ ಕೇಳಿದ. “ಏನು ಸಾರ್, ಡಾಕ್ಟರು ಏನಾದ್ರೂ ಹೇಳಿದ್ರಾ? ನಿಮಗೇನು, ಹನ್ನೆರಡು ಸಾವಿರ ನಡೆಯೋ ಮನುಷ್ಯ,” ಎಂದ ದಿನೇಶ್, ನಿಜವಾದ ಕಾಳಜಿಯಿಂದಲೇ. “ನಾನಲ್ಲ ನಡೆಯೋದು,” ಎಂದ ಗುರುಚರಣ. ದಿನೇಶ್ ಅದನ್ನು ವೇದಾಂತವೆಂದುಕೊಂಡು ತಲೆಯಾಡಿಸಿದ. ಸೈದಾಪೇಟೆಯವರೆಗೆ ಬಸ್ಸು, ಅಲ್ಲಿಂದ ಲೋಕಲ್ ರೈಲು. ಮಧ್ಯಾಹ್ನದ ರೈಲಿನಲ್ಲಿ ಸೀಟುಗಳು ಖಾಲಿ ಇದ್ದವು, ಅವನು ಬಾಗಿಲ ಬಳಿ ನಿಂತೇ ಹೋದ. ನಿಂತದ್ದು ಮೂರೋ ನಾಲ್ಕೋ ನಿಮಿಷ. ಅಷ್ಟಕ್ಕೇ ಮೊಣಕಾಲು ನೋಯತೊಡಗಿದಾಗ ಅವನಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಮಾಂಬಲಂ ಸ್ಟೇಷನ್ನಿನ ಪಶ್ಚಿಮದ ಕಡೆ ಇಳಿದು, ಹೂವಿನವರ, ಪಾತ್ರೆ ಅಂಗಡಿಯವರ ನಡುವೆ ಮನೆಯ ಕಡೆ ನಡೆಯುವಾಗ ಏನು ಹೇಳಬೇಕೆಂದು ಮಾತು ಜೋಡಿಸಿಕೊಂಡ. ರಂಜನಿ, ನಾನು ತಪ್ಪು ತಿಳ್ಕೊಂಡಿದ್ದೆ. ಬೇಡ, ಅದು ನಾಟಕದ ಮಾತು. ರಂಜನಿ, ಬ್ಯಾಂಡ್ ತಪ್ಪು ತೋರಿಸಿದೆ. ಹಾಗೆಂದರೆ ತಪ್ಪು ಬ್ಯಾಂಡಿನದಾಯಿತು. ಬೀದಿ ಮುಗಿದರೂ ವಾಕ್ಯ ಮುಗಿಯಲಿಲ್ಲ.

ಎರಡನೆಯ ಮಹಡಿ, ಲಿಫ್ಟಿಲ್ಲ. ಏದುಸಿರು ಬಿಡುತ್ತ ಬಾಗಿಲು ತಳ್ಳಿದಾಗ ಅಮ್ಮ ವೆಂಕಟಲಕ್ಷ್ಮಿ ನಡುಮನೆಯ ಮಂಚದ ಮೇಲೆ ಕೂತಿದ್ದವರು ತುಟಿಗೆ ಬೆರಳಿಟ್ಟರು. ಎಪ್ಪತ್ತಾರು ವರ್ಷ, ಎರಡು ಮಂಡಿಯೂ ಹೋಗಿ ಗೋಡೆ ಹಿಡಿದು ನಡೆಯುವವರು. ಅವರು ಕಣ್ಣಿನಲ್ಲಿ ತೋರಿಸಿದ ಕಡೆ ನೋಡಿದ. ಅಡಿಗೆಮನೆಯ ಹೊಸ್ತಿಲ ಬಳಿ ರಂಜನಿ ನೆಲದ ಮೇಲೆ ಕೂತಿದ್ದಳು, ಬೆನ್ನು ಗೋಡೆಗೆ, ಮಡಿಲಲ್ಲಿ ಮೊರ, ಮೊರದಲ್ಲಿ ಅರ್ಧ ಆರಿಸಿದ ಅಕ್ಕಿ. ಬೆರಳುಗಳು ಅಕ್ಕಿಯೊಳಗೇ ಇದ್ದವು. ಬಾಯಿ ಸ್ವಲ್ಪ ತೆರೆದು, ಕುತ್ತಿಗೆ ಒಂದು ಕಡೆಗೆ ವಾಲಿ, ಅವಳು ನಿದ್ದೆ ಹೋಗಿದ್ದಳು. ಹಿಮ್ಮಡಿಗಳು ಅವನ ಕಡೆಗಿದ್ದವು. ಒಡೆದ ಹಿಮ್ಮಡಿಗಳು, ಸೀಳಿನೊಳಗೆ ಕೂತ ಅರಿಶಿನದ ಕರೆ. ಹದಿನೆಂಟು ವರ್ಷದಲ್ಲಿ ಅವಳ ನಿದ್ದೆಯ ಮುಖವನ್ನು ಹಗಲಿನ ಬೆಳಕಿನಲ್ಲಿ ತಾನು ನೋಡಿದ್ದೇ ಇಲ್ಲವೇನೋ ಎಂದು ಅವನಿಗನ್ನಿಸಿತು.

“ಯಾಕೋ ಇಷ್ಟು ಸೀಕ್ರಂ ಬಂದಿ? ಒಡಂಬು ಸರಿ ಇಲ್ಲವಾ?” ಎಂದು ಅಮ್ಮ ಪಿಸುಗುಟ್ಟಿದರು. ಅವರ ಕನ್ನಡ ನಾಲ್ಕು ತಲೆಮಾರಿನ ಮದರಾಸಿನದು, ಬೇಗ ಎನ್ನಲು ಸೀಕ್ರಂ, ಮೈ ಎನ್ನಲು ಒಡಂಬು, ಆಮೇಲೆ ಎನ್ನಲು ಅಪ್ಪರಂ.

“ನಂಗೇನಿಲ್ಲಮ್ಮ. ಇವಳು ದಿನಾ ಹೀಗೆ…”

“ದಿನಾ. ಕಾಲು ಗಂಟೆ. ಅಪ್ಪರಂ ತಾನೇ ಏಳ್ತಾಳೆ. ಪಾವಂ, ನಾನು ನೋಡಿದ್ದು ಗೊತ್ತಾದ್ರೆ ಅದನ್ನೂ ಬಿಟ್ಬಿಡ್ತಾಳೆ ಅಂತ ನಾನು ಕಣ್ಣು ಮುಚ್ಕೊಂಡು ಮಲಗಿದ ಹಾಗೆ ಇರ್ತೀನಿ.”

ಅವನು ಬೂಟು ಬಿಚ್ಚಿ ಸದ್ದಾಗದಂತೆ ಅಮ್ಮನ ಪಕ್ಕ ಮಂಚದ ಮೇಲೆ ಕೂತ. ಇಬ್ಬರೂ ಅವಳನ್ನು ಕಾಯುವವರ ಹಾಗೆ ಕೂತರು. ಕೆಳಗೆ ಯಾರೋ ತರಕಾರಿ ಗಾಡಿಯವನು ಕೂಗುತ್ತ ಹೋದ, ಆ ಕೂಗಿಗೆ ಅವಳ ರೆಪ್ಪೆ ಅಲುಗಿದಾಗ ಅವನಿಗೆ ಗಾಡಿಯವನ ಮೇಲೆ ಸಿಟ್ಟು ಬಂತು. “ಅಮ್ಮ, ಈ ಮಡಿ ಅಡಿಗೆ…” ಎಂದು ಶುರು ಮಾಡಿದ. ಮುಂದೆ ಹೋಗಲಾಗಲಿಲ್ಲ. ಅಪ್ಪ ಹೋದ ಮೇಲೆ ಅಮ್ಮನಿಗೆ ಉಳಿದಿದ್ದು ಅದೊಂದೇ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಆ ವಿಷಯವನ್ನು ಯಾರೂ ಮುಟ್ಟುತ್ತಿರಲಿಲ್ಲ.

“ನಾನು ಕೇಳಿದ್ನೇನೋ ಅವಳನ್ನ?” ಎಂದರು ಅಮ್ಮ, ಅವನು ಹೇಳದೆ ಬಿಟ್ಟದ್ದಕ್ಕೆ ಉತ್ತರವಾಗಿ. “ಮಂಡಿ ಹೋದ ದಿವಸ ಅವಳೇ ಮಡಿ ಉಟ್ಟು ನಿಂತ್ಲು. ನಾನು ಬೇಡ ಅಂದ್ರೆ ಅವಳ ಕೈ ಅಡಿಗೆ ಆಗಲ್ಲ ಅಂತ ತಿಳ್ಕೋತಾಳೇನೋ ಅಂತ ನಂಗೆ. ಅವಳು ಬಿಟ್ರೆ ನಾನು ಬೇಜಾರು ಮಾಡ್ಕೋತೀನೇನೋ ಅಂತ ಅವಳಿಗೆ. ಒಬ್ರಿಗೊಬ್ರು ಬಾಯಿ ಬಿಡದೆ ಒಂಬತ್ತು ವರ್ಷ ಆಯ್ತು. ನಾನು ಬೆಳಿಗ್ಗೆ ಒಂದು ಹಿಡಿ ಅವಲಕ್ಕಿ ನೆನೆಸ್ಕೊಂಡು ತಿಂದ್ರೆ ದೇವರು ಕೋಪಿಸ್ಕೋತಾನಾ?”

“ಇದನ್ನ ಅವಳಿಗೆ ಹೇಳಬಹುದಿತ್ತಲ್ಲಮ್ಮ.”

“ನೀನು ಇದ್ದೀಯಲ್ಲ ನಡುವೆ. ನೀನು ಹೇಳ್ತೀಯೇನೋ ಅಂತಿದ್ದೆ,” ಎಂದರು ಅಮ್ಮ. ಆರೋಪದ ಧ್ವನಿಯೇನೂ ಇರಲಿಲ್ಲ. ಮಾತಿಗೆ ಮಾತು ಬಂದಂತೆ ಅಷ್ಟೆ.

ರಂಜನಿ ಕಣ್ಣು ಬಿಟ್ಟಾಗ ಎದುರಿಗೆ ಗಂಡ, ಅತ್ತೆ ಇಬ್ಬರೂ ಸಾಲಾಗಿ ಕೂತು ತನ್ನನ್ನೇ ನೋಡುತ್ತಿರುವುದನ್ನು ಕಂಡು ಗಾಬರಿಯಾಗಿ ಮೊರದ ಅಕ್ಕಿ ಚೆಲ್ಲಿಬಿಟ್ಟಳು. “ಏನಾಯ್ತು? ಯಾರಿಗೇನಾಯ್ತು?” ಎಂದಳು. ಯಾರಿಗೂ ಏನೂ ಆಗಿಲ್ಲ ಎನ್ನುತ್ತ ಅವನು ನೆಲಕ್ಕಿಳಿದು, ಕಷ್ಟಪಟ್ಟು ಮಂಡಿಯೂರಿ, ಅಕ್ಕಿ ಬಾಚತೊಡಗಿದ. ಬಾಚುತ್ತಲೇ ಡಾಕ್ಟರ ವಿಷಯ ಹೇಳಿದ. ತಲೆ ತಗ್ಗಿಸಿ ಕೆಲಸ ಮಾಡುತ್ತಿರುವಾಗ ಹೇಳುವುದು ಸುಲಭವಾಯಿತು. ಸಾಕ್ಸು, ಪಾದ, ಕೊನೆಗೆ ನಾಯಿಯ ಕತೆ. ಅವಳು ಸೆರಗು ಬಾಯಿಗೊತ್ತಿ ನಕ್ಕಳು.

“ಆ ನಾಯಿ ಎಷ್ಟು ನಡೀತಂತೆ?”

“ಕೇಳಲಿಲ್ಲ.”

“ನನಗಿಂತ ಕಮ್ಮೀನೇ ಇರತ್ತೆ ಬಿಡಿ,” ಎಂದಳು. ಅಮ್ಮನೂ ನಕ್ಕರು. ಆ ನಗುವಿನ ನಡುವೆ ಅವನು, ಬ್ಯಾಂಡು ಕಟ್ಟೆಯ ಮೇಲಿದ್ದಾಗಲೂ ನಿದ್ದೆ ಎಂದೇ ಬರೆದುಕೊಳ್ಳುತ್ತಿತ್ತಂತೆ, ಏಳು ಗಂಟೆ ಅನ್ನುವುದು ಸುಳ್ಳು, ಐದು ಗಂಟೆಯೂ ಇಲ್ಲ ಎಂದ. ಅವಳ ನಗು ನಿಂತಿತು. ಸಿಟ್ಟು ಬರುತ್ತದೆ ಎಂದು ಕಾದ. ಬರಲಿ ಎಂದೂ ಇತ್ತು. ಅವಳು ಕೈಯಲ್ಲಿದ್ದ ನಾಲ್ಕು ಅಕ್ಕಿಕಾಳನ್ನು ನೋಡುತ್ತ, “ಹೌದಾ? ನಾನು ಏನಂದ್ಕೊಂಡಿದ್ದೆ ಗೊತ್ತಾ, ಏಳು ಗಂಟೆ ಮಲಗೀನೂ ಸುಸ್ತು ಅಂದ್ರೆ ನಂದೇ ಸೋಮಾರಿತನ ಇರ್ಬೇಕು ಅಂತ. ಈ ನಡುವೆ ಅದಕ್ಕೇ ಇನ್ನೂ ಒಂದೆರಡು ಕೆಲಸ ಜಾಸ್ತಿ ಹಚ್ಕೊಂಡಿದ್ದೆ,” ಎಂದಳು. ಹಾಗೆಂದು ಎದ್ದು, ಮೊರವನ್ನು ಒಳಗಿಡಲು ಹೋದಳು. ಗುರುಚರಣನಿಗೆ ನೆಲದಿಂದ ಏಳಲು ಸ್ವಲ್ಪ ಹೊತ್ತು ಬೇಕಾಯಿತು. ಸಂಜೆ ಶಾಲೆಯಿಂದ ಬಂದ ಮಗಳು ಅನು, ಅಪ್ಪ ಈ ಹೊತ್ತಿನಲ್ಲಿ ಮನೆಯಲ್ಲಿರುವುದನ್ನು ನೋಡಿ, “ಎನ್ನಪ್ಪಾ, ವೇಲೈ ಪೋಯಿಡಿಚ್ಚಾ?” ಎಂದು ತಮಿಳಿನಲ್ಲಿ ಕೇಳಿದಳು. ಕೆಲಸ ಹೋಗಿಲ್ಲ, ಈಗ ಬಂದಿದೆ ಎಂದ ಅವನು.

ಮರುದಿನ ನಾಲ್ಕೂಕಾಲಿಗೆ ಅವನು ರಂಜನಿಗಿಂತ ಮೊದಲು ಎದ್ದು ಬಚ್ಚಲಿಗೆ ಹೋಗಿ ತಣ್ಣೀರು ಸುರಿದುಕೊಂಡ. ಮೊದಲ ತಂಬಿಗೆಗೆ ಉಸಿರು ಕಟ್ಟಿತು. ಮಡಿಯ ಪಂಚೆಯನ್ನು ಹಿಂದಿನ ದಿನವೇ ಒಣಹಾಕಬೇಕಿತ್ತೆಂದು ಆಗ ನೆನಪಾಯಿತು. ಅಪ್ಪ ಹೇಳುತ್ತಿದ್ದರು, ಒದ್ದೆ ಪಂಚೆಯೂ ಮಡಿಯೇ ಎಂದು. ಪಂಚೆಯನ್ನು ಹಾಗೆಯೇ ಬಕೀಟಿನಲ್ಲಿ ಅದ್ದಿ, ಹಿಂಡಿ ಸುತ್ತಿಕೊಂಡು, ಕಣಕಾಲಿನಿಂದ ನೀರು ತೊಟ್ಟಿಕ್ಕಿಸುತ್ತ ಅಡಿಗೆಮನೆಗೆ ಬಂದು ದೀಪ ಹಾಕಿದ. ವರ್ಷಕ್ಕೊಮ್ಮೆ ಅಪ್ಪನ ಶ್ರಾದ್ಧದ ದಿನ ಬಿಟ್ಟರೆ ಅವನು ಅಲ್ಲಿ ಮಡಿಯಲ್ಲಿ ನಿಂತದ್ದಿಲ್ಲ. ತೊಗರಿಬೇಳೆ ಯಾವ ಡಬ್ಬದಲ್ಲಿದೆ? ಮೂರು ಡಬ್ಬ ತೆರೆದ, ಮೂರರಲ್ಲೂ ಬೇಳೆಗಳು, ದೀಪದ ಬೆಳಕಿನಲ್ಲಿ ಎಲ್ಲವೂ ಒಂದೇ ಹಳದಿ. ನಡುಮನೆಯಿಂದ ಅಮ್ಮನ ಧ್ವನಿ ಬಂತು: “ಎಡಗಡೆ ಎರಡನೇದು. ದೇವರಿಗೂ ನನಗೂ ಸೇರಿ ಎರಡು ಹಿಡಿ. ನಿನ್ನ ಹಿಡಿ ಅಲ್ಲ, ಅವಳ ಹಿಡಿ.” ಅಮ್ಮನೂ ಎಚ್ಚರವಾಗಿದ್ದರು. ಅವಳ ಹಿಡಿ ಎಷ್ಟೆಂದು ಅವನು ಕೈಯನ್ನು ಅರ್ಧ ಮುಚ್ಚಿ, ತೆರೆದು, ಅಂದಾಜು ಮಾಡುತ್ತಿದ್ದಾಗ ಬಾಗಿಲಲ್ಲಿ ರಂಜನಿ ಬಂದು ನಿಂತಳು. ನಿದ್ದೆಗಣ್ಣು, ಕೆದರಿದ ಕೂದಲು, ರಾತ್ರಿ ಉಟ್ಟ ಸೀರೆ.

“ಏನ್ರೀ ಇದು? ಬಿಡಿ, ನಾನು ಬರ್ತೀನಿ, ಎರಡೇ ನಿಮಿಷ,” ಎಂದು ಒಳಗೆ ಕಾಲಿಟ್ಟಳು.

“ಮುಟ್ಟಬೇಡ, ಮಡಿ,” ಎಂದ ಗುರುಚರಣ.

ಹೊಸ್ತಿಲ ಒಳಗಿಟ್ಟ ಕಾಲನ್ನು ಅವಳು ಹಿಂದಕ್ಕೆ ಎಳೆದುಕೊಂಡಳು. ಒಂಬತ್ತು ವರ್ಷ ದಿನವೂ ಬೆಳಿಗ್ಗೆ ಅವಳು ಅವನಿಗೆ, ಅನುವಿಗೆ, ಹಾಲಿನವನಿಗೆ ಹೇಳಿದ ಮಾತು ಅದು. ಅಷ್ಟು ಕಾಲ ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ಇಬ್ಬರ ನಡುವೆ ಮೂರು ಮೊಳ ಜಾಗವಿತ್ತು. ಅವಳು ಅವನ ಕೈಯಿಂದ ಡಬ್ಬ ಕಿತ್ತುಕೊಳ್ಳುವ ಹಾಗಿರಲಿಲ್ಲ. ಅವನು ಅವಳ ಭುಜ ಹಿಡಿದು ಹಾಸಿಗೆಗೆ ಕರೆದೊಯ್ಯುವ ಹಾಗಿರಲಿಲ್ಲ. ಕೈಯಿಂದ ಆಗುವ ಎಲ್ಲವೂ ನಿಷಿದ್ಧವಾಗಿ ಮಾತೊಂದೇ ಉಳಿದಿತ್ತು. ಒದ್ದೆ ಪಂಚೆಯ ನೀರು ಕಾಲ ಬಳಿ ಸಣ್ಣಗೆ ಹರಿಯುತ್ತಿತ್ತು.

“ಹೋಗಿ ಮಲಕ್ಕೋ,” ಎಂದ ಕೊನೆಗೆ.

“ಉಪ್ಪು ಎಷ್ಟು ಹಾಕ್ತೀರಿ?”

“ಅಮ್ಮ ಹೇಳ್ತಾಳೆ.”

“ಅತ್ತೆಗೆ ಉಪ್ಪು ಕಮ್ಮಿ ಇರ್ಬೇಕು. ಬೇಳೆ ಮೂರು ಸೀಟಿ. ನಾಲ್ಕಾದ್ರೆ ಕರಗತ್ತೆ.”

“ಸರಿ.”

“ಚಳಿ ಆಗಲ್ವಾ ನಿಮಗೆ ಒದ್ದೇಲಿ?”

“ಆಗತ್ತೆ,” ಎಂದ. ಅವಳು ನಕ್ಕಳೋ ಇಲ್ಲವೋ ಕಾಣಲಿಲ್ಲ, ಕೈಯಿಂದ ಮುಖ ಒರೆಸಿಕೊಂಡಳು. ಅಮ್ಮ ನಡುಮನೆಯಿಂದ, “ರಂಜನಿ, ಹೋಗಮ್ಮ. ಅವನು ಸೀಯಿಸಿದ್ರೆ ನಾನು ಅವಲಕ್ಕಿ ತಿಂತೀನಿ. ನಂಗೆ ಅವಲಕ್ಕಿ ಇಷ್ಟ,” ಎಂದರು. ರಂಜನಿ ಆ ಧ್ವನಿ ಬಂದ ಕಡೆ ತಿರುಗಿ ನಿಂತು ಅದನ್ನು ಪೂರ್ತಿ ಕೇಳಿಸಿಕೊಂಡಳು. “ಅವಲಕ್ಕಿ ಇಷ್ಟಾನಾ ಅತ್ತೆ?” ಎಂದು ಮೆಲ್ಲಗೆ ಕೇಳಿದಳು. “ಮೊದಲಿಂದ,” ಎಂದರು ಅಮ್ಮ. ಮಂಚದ ಬಳಿ ಅವಳು ಸ್ವಲ್ಪ ಹೊತ್ತು ನಿಂತಿದ್ದ ಹಾಗೆ, ಅಮ್ಮ ಏನೋ ಹೇಳಿದ ಹಾಗೆ ಕೇಳಿಸಿತು. ಆಮೇಲೆ ಕೋಣೆಯ ಬಾಗಿಲು ಎಳೆದುಕೊಂಡ ಸದ್ದಾಯಿತು.

ಬೇಳೆ ಐದು ಸೀಟಿ ಹೊಡೆದು ಕರಗಿತು. ಅನ್ನದ ತಳ ಹಿಡಿಯಿತು. ಅಮ್ಮ ಎರಡನ್ನೂ ಉಂಡು, “ಪರವಾಗಿಲ್ಲ, ನಿಮ್ಮ ಅಪ್ಪ ಇಷ್ಟೂ ಮಾಡಿರಲಿಲ್ಲ,” ಎಂದರು. ರಂಜನಿ ಎಂಟು ಗಂಟೆಯವರೆಗೆ ಏಳಲಿಲ್ಲ. ಶನಿವಾರ ಅವಳನ್ನು ಸ್ಟೇಷನ್ನಿನ ಹತ್ತಿರದ ದವಾಖಾನೆಗೆ ಕರೆದುಕೊಂಡು ಹೋದ. ರಕ್ತದ ಹಿಮೋಗ್ಲೋಬಿನ್ ಅಂಶ ಇರಬೇಕಾದುದರ ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು. ಬೇಗ ಬಂದಿರಿ, ಇನ್ನು ತಡವಾಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿಯ ಡಾಕ್ಟರು. ಮಾತ್ರೆಗಳು, ಮಧ್ಯಾಹ್ನ ಒಂದು ಗಂಟೆ ಮಲಗಬೇಕೆಂಬ ಕಟ್ಟಳೆ. ಅತ್ತೆ ಸೊಸೆ ಮಾತಾಡಿಕೊಂಡು ವಾರಕ್ಕೆರಡು ದಿನ ಮಡಿ ಅಡಿಗೆ, ಉಳಿದ ದಿನ ಅವಲಕ್ಕಿ, ಹಣ್ಣು ಎಂದು ಗೊತ್ತು ಮಾಡಿಕೊಂಡರು. ಆ ಎರಡು ದಿನವೂ ಗುರುಚರಣನದು. ಹಿಂದಿನ ಸಂಜೆಯೇ ಪಂಚೆ ಒಣಹಾಕುವುದನ್ನು ಅವನು ಕಲಿತ. ಸ್ಟೇಷನ್ನಿಗೆ ನಡೆದೇ ಹೋಗಿ ಬರುವುದನ್ನೂ. ಸಂಜೆ ಒಮ್ಮೊಮ್ಮೆ ರಂಜನಿಯೂ ಅವನ ಜೊತೆ ನಡೆಯಲು ಬರುತ್ತಿದ್ದಳು, ಅವಳ ಹೆಜ್ಜೆ ಅವನಿಗಿಂತ ಚುರುಕು, ಬೀದಿಯ ತಿರುವಿನಲ್ಲಿ ನಿಂತು ಅವನಿಗಾಗಿ ಕಾಯುತ್ತಿದ್ದಳು. ಆ ನಡಿಗೆಗಳಲ್ಲಿ ಅವನು ಆಫೀಸಿನ ಸಂಗತಿ ಹೇಳಿದ, ತನ್ನ ಶುಗರಿನ ಹೆದರಿಕೆ ಹೇಳಿದ, ಫ್ರಿಜ್ಜಿನ ಬಳಿ ಫೋನು ತೋರಿಸಿದ್ದಕ್ಕೆ ತನಗೆ ನಾಚಿಕೆಯಾಗಿದೆ ಎಂದೂ ಒಂದು ದಿನ ಹೇಳಿಬಿಟ್ಟ. “ಅಯ್ಯೋ, ನಿಮಗೇನು ಗೊತ್ತಿತ್ತು ಪಾಪ, ನೀವು ನಿದ್ದೇಲಿರ್ತಿದ್ರಿ,” ಎಂದಳು ಅವಳು.

ಆ ಒಂಬತ್ತು ವರ್ಷಗಳಲ್ಲಿ ಎಷ್ಟೋ ಬೆಳಿಗ್ಗೆ ಅವನಿಗೆ ಐದಕ್ಕೇ ಎಚ್ಚರವಾಗುತ್ತಿತ್ತು. ಬಚ್ಚಲಲ್ಲಿ ತಣ್ಣೀರು ಬೀಳುವುದೂ, ಮೊದಲ ತಂಬಿಗೆಗೆ ಅವಳು ಉಸಿರೆಳೆದುಕೊಳ್ಳುವುದೂ ಕೇಳಿಸುತ್ತಿತ್ತು. ಕೇಳಿಸಿಕೊಂಡು, ಕಣ್ಣು ಮುಚ್ಚಿಕೊಂಡು, ಹೊದಿಕೆಯನ್ನು ಮೇಲಕ್ಕೆಳೆದುಕೊಂಡು ಮಲಗಿರುತ್ತಿದ್ದ. ಅದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.